ಹಾಯಿದೋಣಿಯಲ್ಲಿ ಒಬ್ಬನಿಗೆ ಸೀ ಸಿಕ್‌ನೆಸ್ ಬಂದಾಗ ನಾನು ಏನೇನು ಮಾಡ್ದೆ

ದಡದ ಗುಂಟ ಹಾಯಿದೋಣಿ ಓಡಿಸೋರಿಗೆ ಬಿರುಗಾಳಿಗಿಂತ ಹೆಚ್ಚು ಸಲ ಎದುರಾಗೋದು ಸೀ ಸಿಕ್‌ನೆಸ್, ಅಂದ್ರೆ ಅಲೆಗೆ ದೋಣಿ ಕುಲುಕಿ ಹೊಟ್ಟೆ ತೊಳಸಿ ವಾಂತಿ ಬರೋದು. ಆದ್ರೂ ನೋಡಿ, ಗಾಳಿ ಎಷ್ಟು, ಅಲೆ ಎಷ್ಟು, ಉಬ್ಬರ ಇಳಿತ ಯಾವಾಗ ಅಂತ ಎಲ್ಲಾ ಲೆಕ್ಕ ಹಾಕೋ ಜನ ಇದನ್ನ ಮಾತ್ರ "ಅವನಿಗೆ ಅಭ್ಯಾಸ ಇಲ್ಲ, ಸರಿ ಹೋಗ್ತಾನೆ ಬಿಡಿ" ಅಂತ ಆ ಮನುಷ್ಯನ ತಲೆಗೇ ಕಟ್ಟಿ ಸುಮ್ನಾಗ್ಬಿಡ್ತಾರೆ. ನಾನು ಇದನ್ನ ಒಪ್ಪೋದಿಲ್ಲ. ದೋಣಿಯಲ್ಲಿ ಒಬ್ಬ ಕೈಬಿಟ್ಟ ಅಂದ್ರೆ ಅದು ದೋಣಿಯ ಸಮಸ್ಯೆ, ಅದನ್ನ ನಡೆಸೋ ಸ್ಕಿಪ್ಪರ್ ಸಮಸ್ಯೆ. ಗಾಳಿ ಜಾಸ್ತಿ ಆದ್ರೆ ಹಾಯಿ ಕಮ್ಮಿ ಮಾಡ್ತೀವಲ್ಲ, ಹಾಗೇ ಇದಕ್ಕೂ ದೋಣಿಯನ್ನೇ ಬದಲಾಯಿಸಬೇಕು, ದಾರಿ, ವೇಗ, ಹೋಗೋ ಬಂದರು ಎಲ್ಲಾನೂ. ನಾನು ಒಂದು ಪ್ಯಾಸೇಜ್‌ನಲ್ಲಿ, ಅಂದ್ರೆ ಒಂದು ಬಂದರಿಂದ ಇನ್ನೊಂದಕ್ಕೆ ಹೋಗೋ ಪಯಣದಲ್ಲಿ, ಇದನ್ನ ಹೇಗೆ ಮಾಡ್ದೆ ಅಂತ ಬರೀತೀನಿ.

ಸುಮಾರು 50 ನಾಟಿಕಲ್ ಮೈಲಿ ದಾರಿ, ಬೆಳಗಿನ ಜಾವ ಬಿಟ್ರೆ ಕತ್ತಲಾಗೋ ಹೊತ್ತಿಗೆ ಸೇರಬಹುದು. ಮೂರು ಜನ. ನಾನು, ನನ್ನ ಜೊತೆ ತುಂಬಾ ವರ್ಷದಿಂದ ಬರೋ ಗೆಳತಿ, ಆಮೇಲೆ ಅವಳ ತಮ್ಮ. ಅವನು ಸರೋವರದಲ್ಲಿ ಚಿಕ್ಕ ದೋಣಿ ಓಡಿಸಿದ್ದಾನೆ, ಹಗ್ಗ ಗಂಟು ಎಲ್ಲಾ ಚೆನ್ನಾಗಿ ಗೊತ್ತು, ಆದ್ರೆ ತೆರೆದ ಸಮುದ್ರ ಹೊಸದು. ಫೋರ್‌ಕಾಸ್ಟ್‌ನಲ್ಲಿ 15 ನಾಟ್ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ) ಗಾಳಿ, ಒಂದೂವರೆ ಮೀಟರ್ ಅಲೆ, ಅಲೆಗಳ ನಡುವೆ 6 ಸೆಕೆಂಡ್ ಅಂತರ ಅಂತಿತ್ತು. ಹೆದರೋ ಅಂಥದ್ದೇನಿಲ್ಲ. ಆದ್ರೆ ಗಾಳಿ ನಾವು ಹೋಗೋ ದಿಕ್ಕಿಂದಲೇ ಬರೋದಿತ್ತು, ಅದಕ್ಕೇ ನಾನು ಹಿಂದಿನ ದಿನಾನೇ ಮೂರು ಜನ ಅನ್ನೋದನ್ನ ಎರಡು ಜನ ಅಂತ ಲೆಕ್ಕ ಹಾಕ್ದೆ. ಒಬ್ಬ ಪೂರ್ತಿ ಮಲಗಿದ್ರೂ ಉಳಿದ ಇಬ್ಬರೇ ರೀಫ್ ಹಾಕಿ (ಹಾಯಿ ಮಡಚಿ ಚಿಕ್ಕದು ಮಾಡಿ), ಪಾಳಿ ಮಾಡಿ, ಬಂದರಿಗೆ ಕಟ್ಟೋಕೆ ಆಗುತ್ತಾ? ಮಧ್ಯದಲ್ಲಿ ತಿರುಗಿಕೊಂಡು ಹೋಗಿ ಸೇರಬಹುದಾದ ಜಾಗ ಯಾವ್ಯಾವುದು? ಎರಡು ಸಿಕ್ತು, ಎರಡಕ್ಕೂ ವೇ ಪಾಯಿಂಟ್, ಅಂದ್ರೆ ಗುರುತು, ಹಾಕಿ ನಕ್ಷೆ ತೋರಿಸೋ ಪ್ಲಾಟರ್‌ನಲ್ಲಿ ಉಳಿಸಿಟ್ಟೆ. ಯಾಕಂದ್ರೆ ಅಲ್ಲಾಡೋ ಕ್ಯಾಬಿನ್‌ನಲ್ಲಿ ತಲೆ ಬಗ್ಗಿಸಿ ಚಾರ್ಟ್ ನೋಡೋದೇ ಹೊಟ್ಟೆ ತೊಳಸೋಕೆ ಮೊದಲ ಕಾರಣ, ಆ ಕೆಲಸ ದಡದಲ್ಲೇ ಮುಗಿದಿರಬೇಕು.

ಮಾತ್ರೆ ವಿಷಯ. ಇದನ್ನ ತುಂಬಾ ಜನ ವಾಂತಿ ಶುರುವಾದ ಮೇಲೆ ಹುಡುಕ್ತಾರೆ, ಅಷ್ಟೊತ್ತಿಗೆ ಹೊಟ್ಟೆ ಕೆಲಸಾನೇ ನಿಲ್ಲಿಸಿರುತ್ತೆ, ನುಂಗಿದ್ದು ರಕ್ತಕ್ಕೆ ಸೇರೋದಿಲ್ಲ, ಮುಂದಿನ ಅಲೆಗೆ ಹೊರಗೇ ಬರುತ್ತೆ. ಹಾಗಾಗಿ ಮುಂಚೆ. ಸಿನಾರಿಜಿನ್ ಅನ್ನೋ ಮಾತ್ರೆ ದೊಡ್ಡವರಿಗೆ ಹೊರಡೋಕೆ 2 ಗಂಟೆ ಮೊದಲು 30 ಮಿಲಿಗ್ರಾಂ, ಆಮೇಲೆ ಬೇಕಿದ್ರೆ 8 ಗಂಟೆಗೊಂದು ಸಲ 15 ಮಿಲಿಗ್ರಾಂ ಅಂತ ಅದರ ಚೀಟಿಯಲ್ಲೇ ಇರುತ್ತೆ. ಇನ್ನೊಂದು ಹಯೋಸಿನ್ ಪ್ಯಾಚ್, ಕಿವಿ ಹಿಂದೆ ಅಂಟಿಸೋದು, ಅದು ಮೂರು ದಿನ ಕೆಲಸ ಮಾಡುತ್ತೆ ಆದ್ರೆ ಹಚ್ಚಿ ಕೆಲವು ಗಂಟೆ ಆದ್ಮೇಲೇ ಪರಿಣಾಮ ಶುರು. ಬಾಯಿ ಒಣಗುತ್ತೆ, ಕಣ್ಣು ಮಂಜಾಗುತ್ತೆ, ಕೆಲವರಿಗೆ ತಲೆ ಗೊಂದಲ ಆಗೋದೂ ಉಂಟು, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇರೋರು ಅದರ ಹತ್ತಿರ ಹೋಗಲೇಬಾರದು. ಪ್ಯಾಚ್ ಮುಟ್ಟಿದ ಬೆರಳಲ್ಲಿ ಕಣ್ಣು ಉಜ್ಜಿಕೊಂಡ್ರೆ ಪಾಪೆ ದೊಡ್ಡದಾಗಿ ಗಂಟೆಗಟ್ಟಲೆ ಹಾಗೇ ಉಳಿಯುತ್ತೆ, ಕೈ ಸೋಪು ಹಾಕಿ ತೊಳೀಬೇಕು. ಯಾವುದೇ ಆಗ್ಲಿ ಡಾಕ್ಟರ್ ಹತ್ರ ಕೇಳಿ, ಒಂದು ಸಲ ದಡದಲ್ಲೇ ತಗೊಂಡು ನೋಡಿ, ನಿದ್ದೆ ಎಷ್ಟು ಬರುತ್ತೆ ಅಂತ ಗೊತ್ತಾಗಬೇಕು. ಅರ್ಧ ನಿದ್ದೆಯಲ್ಲಿರೋನು ಡೆಕ್ ಮೇಲೆ ಇರೋದೂ ಅಪಾಯಾನೇ. ನಾನು ಸ್ಕಿಪ್ಪರ್ ಆಗಿದ್ರೂ ಮೊದಲ ದಿನ ತಗೋತೀನಿ, ಗೆಳತಿಯೂ ತಗೊಂಡ್ಲು. ಹುಡುಗ ಮಾತ್ರ "ಬೇಡ ಅಣ್ಣಾ, ನಂಗೆ ಬಸ್ಸಲ್ಲೂ ಆಗಲ್ಲ" ಅಂದ. ಬಲವಂತ ಮಾಡ್ಲಿಲ್ಲ, ಔಷಧಿ ಅವರವರ ಮೈಗೆ ಹೋಗೋದು, ತೀರ್ಮಾನ ಅವರದೇ. ಆದ್ರೆ ಒಂದು ಮಾತು ಹೇಳಿದ್ದೆ, ಮನುಷ್ಯನ ಕಿವಿ ಒಳಗಿನ ಸಮತೋಲನದ ಅಂಗ ಸರಿಯಾಗಿ ಕೆಲಸ ಮಾಡ್ತಿದ್ರೆ ಸಾಕು, ಸಾಕಷ್ಟು ಅಲ್ಲಾಡಿಸಿದ್ರೆ ಯಾರಿಗೆ ಬೇಕಾದ್ರೂ ಬರುತ್ತೆ, ಬರದೇ ಇರೋದು ಆ ಅಂಗ ಪೂರ್ತಿ ಕೆಟ್ಟೋರಿಗೆ ಮಾತ್ರ.

ಇನ್ನೆರಡು ತಯಾರಿ ನನಗೆ ತುಂಬಾ ಮುಖ್ಯ. ತಿನ್ನೋದು ಕುಡಿಯೋದು ಎಲ್ಲಾ ಒಂದು ಡಬ್ಬಿಗೆ ಹಾಕಿ ಕಾಕ್‌ಪಿಟ್‌ನಲ್ಲೇ (ದೋಣಿ ಓಡಿಸೋರು ಕೂರೋ ತೆರೆದ ಜಾಗ) ಕೈಗೆ ಸಿಗೋ ಹಾಗೆ ಇಟ್ಟಿದ್ದೆ, ಯಾರೂ ಕೆಳಗೆ ಹೋಗಿ ಒಲೆ ಹಚ್ಚೋ ಹಾಗಿಲ್ಲ. ಇನ್ನೊಂದು, ಮಳೆ ಜಾಕೆಟ್, ಲೈಫ್ ಜಾಕೆಟ್, ದೋಣಿಗೆ ಕೊಕ್ಕೆ ಹಾಕ್ಕೊಳ್ಳೋ ಹಾರ್ನೆಸ್ ಪಟ್ಟಿ ಎಲ್ಲಾ ಬಂದರು ಬಿಡೋ ಮೊದಲೇ ಮೈ ಮೇಲೆ. ಕುಲುಕಾಡೋ ಕ್ಯಾಬಿನ್‌ನಲ್ಲಿ ಒಂದು ಕಾಲಲ್ಲಿ ನಿಂತು ಪ್ಯಾಂಟ್ ಹಾಕೋಕೆ ಹೋಗಿ ಅಲ್ಲೇ ಕುಸಿದವರನ್ನ ಎಷ್ಟೋ ಜನರನ್ನ ನೋಡಿದೀನಿ.

ಬಂದರು ದಾಟಿ ಎರಡು ಗಂಟೆ ಅವನು ಚೆನ್ನಾಗೇ ಇದ್ದ, ಒಂದೇ ಸಮ ಪ್ರಶ್ನೆ ಕೇಳ್ತಾ. ಆಮೇಲೆ ಮಾತು ನಿಂತುಹೋಯ್ತು. ನಾನು ಕಾಯೋದು ಇದಕ್ಕೇ. ವಾಂತಿ ತುಂಬಾ ಕೊನೆಗೆ ಬರೋದು, ಅದಕ್ಕಿಂತ ಮೊದಲು ಮನುಷ್ಯ ಸುಮ್ಮನಾಗ್ತಾನೆ, ಆಕಳಿಸ್ತಾನೆ, ಯಾವುದರಲ್ಲೂ ಆಸಕ್ತಿ ಇರಲ್ಲ, ಎಲ್ಲರಿಗೂ ಸೆಕೆ ಆಗ್ತಿರುವಾಗ ಅವನು ಜಾಕೆಟ್ ಜಿಪ್ ಏರಿಸಿಕೊಳ್ತಾನೆ. ಆಮೇಲೆ ಮುಖ ಬಿಳುಚಿ ತಣ್ಣನೆ ಬೆವರು, ಬಾಯಲ್ಲಿ ನೀರೂರೋದು. ಈ ಆಕಳಿಕೆ ಮಂಪರಿಗೆ ವೈದ್ಯರು ಸೊಪೈಟ್ ಸಿಂಡ್ರೋಮ್ ಅಂತ ಹೆಸರಿಟ್ಟಿದ್ದಾರೆ, 1976ರಿಂದ ಆ ಹೆಸರು ಬಳಕೆಯಲ್ಲಿದೆ. ಆಕಳಿಕೆ ಕಂಡ ಕೂಡ್ಲೇ ಕೈ ಹಾಕಿದ್ರೆ ಅರ್ಧ ಸಲ ತಡೀಬಹುದು ಅನ್ನೋದು ನನ್ನ ನಂಬಿಕೆ, ಮುಖ ಬಿಳುಚೋ ತನಕ ಕಾದ್ರೆ ಕಷ್ಟ.

"ಬಾರಪ್ಪಾ, ಟಿಲ್ಲರ್ ಹಿಡ್ಕೋ" ಅಂತ ಕರೆದೆ, ಟಿಲ್ಲರ್ ಅಂದ್ರೆ ಚುಕ್ಕಾಣಿ ತಿರುಗಿಸೋ ಹಿಡಿಕೋಲು. ಹೇಗಿದೀಯ ಅಂತ ಕೇಳ್ಲಿಲ್ಲ, ಕೇಳಿದ್ರೆ ಅವನ ಗಮನ ಹೊಟ್ಟೆ ಕಡೆಗೇ ಹೋಗುತ್ತೆ. ದೂರದಲ್ಲಿ ದಡದ ಗುಡ್ಡದ ಮೂತಿ ಕಾಣ್ತಿತ್ತು, ಅದರ ಮೇಲೆ ಕಣ್ಣಿಟ್ಟು ಓಡಿಸು, ದಿಕ್ಸೂಚಿ ನೋಡೋದು ಬೇಡ ಅಂದೆ. ದೋಣಿ ಓಡಿಸೋನಿಗೆ ಮುಂದಿನ ಅಲೆಗೆ ದೋಣಿ ಹೇಗೆ ಏಳುತ್ತೆ ಅಂತ ಮೊದಲೇ ಗೊತ್ತಿರುತ್ತೆ, ಮೈ ಅದಕ್ಕೆ ಮುಂಚೆಯೇ ತಯಾರಾಗುತ್ತೆ, ಕಣ್ಣು ನೋಡೋದೂ ಕಿವಿ ಹೇಳೋದೂ ಒಂದೇ ಆಗುತ್ತೆ. ಕಾರಲ್ಲಿ ಡ್ರೈವರ್‌ಗೆ ವಾಂತಿ ಬರಲ್ಲ, ಹಿಂದೆ ಕೂತೋರಿಗೆ ಬರುತ್ತಲ್ಲ, ಅದೇ ಲೆಕ್ಕ. ಫೋನ್ ಜೇಬಿಗೆ, ಹಗ್ಗ ಸುತ್ತೋ ಕೆಲಸ ಗೆಳತಿಗೆ, ಅವನು ತಲೆ ಬಗ್ಗಿಸೋ ಯಾವ ಕೆಲಸವೂ ಮಾಡೋ ಹಾಗಿಲ್ಲ. ಒಣ ಬಿಸ್ಕತ್ತು ಒಂದೊಂದೇ ಕಚ್ಚಿಸಿದ್ವಿ, ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೇದಲ್ಲ. ಶುಂಠಿಯೂ ಇತ್ತು. ಶುಂಠಿ ಮತ್ತು ಮಣಿಕಟ್ಟಿನ ಬ್ಯಾಂಡ್ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದೇ ಥರ ಇಲ್ಲ, ಕೆಲವರಿಗೆ ಹಿಡಿಸುತ್ತೆ, ತೊಂದರೆಯಂತೂ ಇಲ್ಲ, ಕೇಳಿದೋರಿಗೆ ಕೊಡ್ತೀನಿ, ಅದನ್ನೇ ನಂಬಿ ಹೊರಡೋದಿಲ್ಲ.

ಟಿಲ್ಲರ್ ಹಿಡಿದಷ್ಟು ಹೊತ್ತು ಅವನ ಮುಖಕ್ಕೆ ಬಣ್ಣ ಬಂತು, ನಿಜವಾಗ್ಲೂ. ಆದ್ರೆ ಮಧ್ಯಾಹ್ನದ ಹೊತ್ತಿಗೆ ಗಾಳಿ ಏರಿ ಅಲೆ ಚೂಪಾಯ್ತು, ದೋಣಿ ಮೂತಿ ಎದ್ದು ದಪ್ ಅಂತ ಬೀಳೋಕೆ ಶುರುವಾಯ್ತು, ಅವನು ಟಿಲ್ಲರ್ ಬಿಟ್ಟು ಎದ್ದು ಪಕ್ಕದ ಕಂಬಿ ಕಡೆ ಓಡಿದ.

ಇಲ್ಲಿ ನಾನು ಧ್ವನಿ ಏರಿಸ್ತೀನಿ, ಯಾರ ಮನಸ್ಸಿಗೆ ನೋವಾದ್ರೂ ಸರಿ. ವಾಂತಿ ಮಾಡೋಕೆ ಕಂಬಿ ಆಚೆ ಬಗ್ಗೋದು ಬೇಡ. ಕಣ್ಣು ಮುಚ್ಚಿರುತ್ತೆ, ಕೈಕಾಲಲ್ಲಿ ಶಕ್ತಿ ಇರಲ್ಲ, ಅರ್ಧ ಮೈ ಹೊರಗೆ ನೇತಾಡ್ತಿರುತ್ತೆ, ಅಷ್ಟರಲ್ಲಿ ಒಂದು ಅಲೆ ಬಂದ್ರೆ ಮುಗೀತು. ಸಮುದ್ರಕ್ಕೆ ಬಿದ್ದವನನ್ನ ಇಬ್ಬರೇ ಸೇರಿ, ಆ ಅಲೆಯಲ್ಲಿ, ಮೇಲೆತ್ತೋದು ಎಷ್ಟು ಕಷ್ಟ ಅಂತ ಅಭ್ಯಾಸ ಮಾಡಿದೋರಿಗೆ ಗೊತ್ತು. ನಮ್ಮಲ್ಲಿ ನಿಯಮ ಏನಂದ್ರೆ ಬಕೆಟ್, ಹಿಡಿಗೆ ಹಗ್ಗ ಕಟ್ಟಿರೋದು, ಕಾಕ್‌ಪಿಟ್ ನೆಲದಲ್ಲೇ ಇರುತ್ತೆ, ಕೂತೇ ಮಾಡಬೇಕು, ಹಾರ್ನೆಸ್ ಹಗ್ಗ ಗಿಡ್ಡ ಮಾಡಿ ಕೊಕ್ಕೆ ಹಾಕಿರಬೇಕು. ಅವನ ಕೊಕ್ಕೆ ಹಾಕೇ ಇತ್ತು, ಗೆಳತಿ ಸೊಂಟದ ಪಟ್ಟಿ ಹಿಡಿದು ಎಳೆದು ಕೂರಿಸಿದ್ಲು, ಬಕೆಟ್ ಕೊಟ್ಲು. ಟಾಯ್ಲೆಟ್‌ಗೂ ಕಳಿಸೋದಿಲ್ಲ, ನಮ್ಮ ದೋಣಿಯಲ್ಲಿ ಅದಿರೋದು ಮುಂಭಾಗದಲ್ಲಿ, ಅತಿ ಹೆಚ್ಚು ಎದ್ದು ಬೀಳೋ ಜಾಗ ಅದೇ, ಗಾಳಿಯೂ ಇರಲ್ಲ.

ಅವನಿಗೆ ನಾಚಿಕೆ, "ಸಾರಿ ಅಕ್ಕಾ, ಸಾರಿ ಅಣ್ಣಾ" ಅಂತ ಒಂದೇ ಸಮ. ನೆಲ್ಸನ್‌ಗೂ ಹೀಗೇ ಆಗ್ತಿತ್ತು ಕಣೋ ಅಂದೆ. ಅದು ಸಮಾಧಾನಕ್ಕೆ ಹೇಳೋ ಸುಳ್ಳಲ್ಲ, ಬ್ರಿಟಿಷ್ ನೌಕಾಪಡೆಯ ಆ ಅಡ್ಮಿರಲ್ 1804ರಲ್ಲಿ, ಅಂದ್ರೆ ಬಾಲ್ಯದಿಂದ ಹಡಗಲ್ಲೇ ಬೆಳೆದ ಮೇಲೂ, ಗಾಳಿ ಜೋರಾದಾಗೆಲ್ಲ ತನಗೆ ಹುಷಾರು ತಪ್ಪುತ್ತೆ ಅಂತ ಪತ್ರ ಬರೆದಿದ್ದಾರೆ. ಡಾರ್ವಿನ್ ಅಂತೂ 1831ರಿಂದ 1836ರ ತನಕ ಬೀಗಲ್ ಹಡಗಲ್ಲಿ ಇದ್ದಷ್ಟು ದಿನವೂ ಅಲೆ ಎದ್ದಾಗೆಲ್ಲ ನರಳಿದ್ದಾರೆ. ಹುಡುಗನಿಗೆ ಅದರಿಂದ ವಾಂತಿ ನಿಲ್ಲಲಿಲ್ಲ, ಆದ್ರೆ ಸಾರಿ ಹೇಳೋದು ನಿಂತಿತು, ನನಗೆ ಅಷ್ಟು ಸಾಕಿತ್ತು, ಯಾಕಂದ್ರೆ ನಾಚಿಕೆ ಇರೋನು ತನಗೆ ಏನಾಗ್ತಿದೆ ಅಂತ ಹೇಳಲ್ಲ, ನನಗೆ ಅವನು ಹೇಳೋದು ಬೇಕು.

ಮುಂದಿನ ಕೆಲಸ ಹೀವ್ ಟು, ಅಂದ್ರೆ ಹಾಯಿ ಇಳಿಸದೇ ದೋಣಿಯನ್ನ ಹೆಚ್ಚು ಕಮ್ಮಿ ನಿಲ್ಲಿಸೋದು. ಇದನ್ನ ತುಂಬಾ ಜನ ಬಿರುಗಾಳಿಗೆ ಅಂತಲೇ ಇಟ್ಟುಕೊಂಡಿರ್ತಾರೆ, ನನಗೆ ಇದು ದಿನಬಳಕೆಯ ಉಪಾಯ. ಜಿಬ್ (ಮುಂದಿನ ಹಾಯಿ) ಹಗ್ಗ ಬಿಡದೇ ದೋಣಿಯನ್ನ ಆಚೆ ಮಗ್ಗುಲಿಗೆ ತಿರುಗಿಸಿದ್ರೆ ಜಿಬ್‌ಗೆ ಹಿಂದಿನಿಂದ ಗಾಳಿ ತುಂಬಿ ಮೂತಿಯನ್ನ ಗಾಳಿಯಿಂದ ದೂರ ತಳ್ಳುತ್ತೆ, ಟಿಲ್ಲರನ್ನ ಲೀ ಕಡೆಗೆ, ಅಂದ್ರೆ ಗಾಳಿ ದಾಟಿ ಹೋಗೋ ಕಡೆಗೆ ತಳ್ಳಿ ಕಟ್ಟಿದ್ರೆ ಚುಕ್ಕಾಣಿ ಮತ್ತೆ ಗಾಳಿ ಕಡೆಗೆ ತರುತ್ತೆ, ಎರಡೂ ಜಗ್ಗಾಡಿ ದೋಣಿ ಒಂದು ಓರೆಯಲ್ಲಿ ನಿಂತುಬಿಡುತ್ತೆ, ಗಂಟೆಗೆ ಒಂದೆರಡು ಮೈಲಿ ಮೆಲ್ಲಗೆ ಸರಿಯುತ್ತೆ ಅಷ್ಟೇ. ಗಲಾಟೆ ಎಲ್ಲಾ ಒಂದೇ ಸಲಕ್ಕೆ ಇಳಿದುಹೋಗುತ್ತೆ. ದಡದ ಹತ್ತಿರ ಇದ್ದಾಗ ಸರಿಯೋ ದಿಕ್ಕಲ್ಲಿ ಎಷ್ಟು ಜಾಗ ಇದೆ ಅಂತ ಮೊದಲು ನೋಡಬೇಕು, ನಮಗೆ 5 ಮೈಲಿ ಇತ್ತು. ಆ ನಿಶ್ಚಲದಲ್ಲಿ ರೀಫ್ ಹಾಕಿದ್ವಿ, ಅವನಿಗೆ ಬಾಯಿ ತೊಳೆಸಿದ್ವಿ, ಕೆಳಗೆ ಮಲಗಿಸಿದ್ವಿ.

ಮಲಗಿಸೋದಾ ಡೆಕ್ ಮೇಲೇ ಇಡೋದಾ ಅನ್ನೋದು ಪ್ರತಿ ಸಲ ವಾದ ಆಗೋ ವಿಷಯ. ಹೊಟ್ಟೆ ತೊಳಸೋ ಹಂತದಲ್ಲಿ ಇದ್ರೆ ಮೇಲೇ ಇರ್ಲಿ, ತಾಜಾ ಗಾಳಿ, ದಿಗಂತ ಬೇಕು. ಒಂದು ಸಲ ವಾಂತಿ ಹಿಡೀತು, ಮೈ ನಡುಗ್ತಿದೆ, ಕೂರೋಕೆ ಆಗ್ತಿಲ್ಲ ಅಂದ್ರೆ ಕಾಕ್‌ಪಿಟ್ ಮೂಲೆಯಲ್ಲಿ ಒದ್ದೆಯಾಗಿ ಮುದುಡಿ ಕೂತವನು ಬೇಗ ತಣ್ಣಗಾಗ್ತಾನೆ, ಹೈಪೋಥರ್ಮಿಯಾ ಅಲ್ಲಿಂದಲೇ ಶುರು. ಅಂಥವರನ್ನ ದೋಣಿಯ ನಡು ಭಾಗದಲ್ಲಿ, ಆದಷ್ಟು ಕೆಳಗೆ, ಲೀ ಮಗ್ಗುಲಿನ ಬಂಕಲ್ಲಿ ಮಲಗಿಸ್ತೀನಿ, ಅಲ್ಲಿಂದ ಉರುಳಿ ಬೀಳಲ್ಲ. ಮೆಟ್ಟಿಲಿಳಿದು ಸೀದಾ ಬಂಕ್‌ಗೆ, ನಿಂತುಕೊಂಡು ಬಟ್ಟೆ ಬಿಚ್ಚೋದೆಲ್ಲ ಇಲ್ಲ, ಮಲಗಿದ ಮೇಲೆ ನಾವೇ ಬಿಚ್ಚಿ ಹೊದಿಸೋದು. ಕಣ್ಣು ಮುಚ್ಚಿದ್ರೆ ಕಣ್ಣು ಕಿವಿಯ ಜಗಳವೇ ಇರಲ್ಲ. ಒಂದು ಮಗ್ಗುಲಾಗಿ ಮಲಗಿಸಬೇಕು, ಅಂಗಾತ ಮಲಗಿ ವಾಂತಿ ಬಂದ್ರೆ ಶ್ವಾಸಕ್ಕೆ ಹೋಗಬಹುದು. ಬಕೆಟ್ ತಲೆ ಹತ್ತಿರ, ಮೇಲಿನ ಕಿಂಡಿ ತೆರೆದು ಗಾಳಿ. ಕೆಳಗೆ ಡೀಸೆಲ್ ವಾಸನೆ ಇದ್ರೆ ಇದೆಲ್ಲ ವ್ಯರ್ಥ, ಅದಕ್ಕೇ ಹೊರಡೋ ಹಿಂದಿನ ದಿನ ತಳದಲ್ಲಿ ನಿಂತ ನೀರು ಎಣ್ಣೆ ಎಲ್ಲಾ ಒರೆಸಿ ತೆಗೆದಿದ್ವಿ.

ಆಮೇಲೆ ನಾನು ಗುರಿ ಬದಲಾಯಿಸಿದೆ. ಇದರ ಲೆಕ್ಕ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇಡೀ ಬರಹದಲ್ಲಿ ನನಗೆ ಅತಿ ಮುಖ್ಯ ಅನಿಸೋದು ಇದೇ. 1974ರಲ್ಲಿ ಇಬ್ಬರು ಸಂಶೋಧಕರು ಜನರನ್ನ ಒಂದು ಪೆಟ್ಟಿಗೆಯಲ್ಲಿ ಕೂರಿಸಿ ಬೇರೆ ಬೇರೆ ವೇಗದಲ್ಲಿ ಮೇಲೆ ಕೆಳಗೆ ಆಡಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದ್ರು, ಅದರಲ್ಲಿ ಕಂಡದ್ದು ಏನಂದ್ರೆ ಸುಮಾರು 5 ಸೆಕೆಂಡಿಗೊಂದು ಸಲ ಏರಿಳಿಯೋ ಚಲನೆ ಹೊಟ್ಟೆಗೆ ಅತಿ ಕೆಟ್ಟದ್ದು. ಅದಕ್ಕಿಂತ ಬೇಗ ಆದ್ರೂ ನಿಧಾನ ಆದ್ರೂ ತೊಂದರೆ ಕಮ್ಮಿ. ಈಗ ನಮ್ಮ ಅಲೆ 6 ಸೆಕೆಂಡಿನದು. ಆಳ ನೀರಲ್ಲಿ ಅಂಥ ಅಲೆ ಸುಮಾರು 18 ನಾಟ್ ವೇಗದಲ್ಲಿ ಓಡುತ್ತೆ. ನಾವು 5 ನಾಟ್‌ನಲ್ಲಿ ಅದಕ್ಕೆ ಓರೆಯಾಗಿ ಎದುರು ಹೋಗ್ತಿದ್ರೆ ಅಲೆಗಳು ನಮಗೆ ಬೇಗ ಬೇಗ ಸಿಗ್ತವೆ, ಹೆಚ್ಚು ಕಮ್ಮಿ 5 ಸೆಕೆಂಡಿಗೊಂದು! ಅದೇ ದೋಣಿ ತಿರುಗಿಸಿ ಅಲೆಯನ್ನ ಹಿಂಬದಿಯ ಓರೆಗೆ ತಗೊಂಡ್ರೆ ಏಳೂವರೆ ಸೆಕೆಂಡಿಗೊಂದು. ಅಲೆ ಅದೇ, ದೋಣಿ ಅದೇ, ಹೊಟ್ಟೆಗೆ ಮಾತ್ರ ಬೇರೆ ಸಮುದ್ರ. ಜೊತೆಗೆ ಗಾಳಿ, 15 ನಾಟ್ ಗಾಳಿಗೆ ಓರೆಯಾಗಿ ಎದುರು ಹೋದ್ರೆ ಡೆಕ್ ಮೇಲೆ 19 ನಾಟ್ ಅನಿಸುತ್ತೆ, ಗಾಳಿ ಜೊತೆ ಹೋದ್ರೆ 10 ಅಷ್ಟೇ, ಚಳಿ ಇಲ್ಲ, ಮೈ ಮೇಲೆ ನೀರು ಎರಚೋದಿಲ್ಲ.

ಅಂದುಕೊಂಡಿದ್ದ ಬಂದರಿಗೆ ಇನ್ನೂ 28 ಮೈಲಿ, ಎದುರು ಗಾಳಿಯಲ್ಲಿ ಅಡ್ಡಡ್ಡ ಹೋಗ್ತಾ ಕತ್ತಲಲ್ಲಿ ಸೇರಬೇಕು. ಉಳಿಸಿಟ್ಟಿದ್ದ ಎರಡನೇ ಜಾಗ ಹಿಂದಕ್ಕೆ ಓರೆಯಾಗಿ 18 ಮೈಲಿ, ಬೆಳಕಿರುವಾಗಲೇ ಸೇರಬಹುದು. ಗೆಳತಿ "ಇಷ್ಟು ದೂರ ಬಂದು ತಿರುಗೋದಾ" ಅಂದ್ಲು, ಅವಳ ಬೇಸರ ನನಗೂ ಇತ್ತು. ಆದ್ರೆ ಅವಳೂ ಅಷ್ಟೊತ್ತಿಗೆ ಎರಡು ಸಲ ಕೆಳಗೆ ಹೋಗಿ ಬಂದು ಆಕಳಿಸ್ತಿದ್ಲು. ಅವಳೂ ಮಲಗಿಬಿಟ್ರೆ ಉಳಿಯೋದು ನಾನೊಬ್ಬನೇ. ತಿರುಗಿಸಿದೆ. ನೇರ ಗಾಳಿಯನ್ನ ಬೆನ್ನಿಗೆ ತಗೊಳ್ಲಿಲ್ಲ, ಹಾಗೆ ಹೋದ್ರೆ ದೋಣಿ ಎಡಕ್ಕೂ ಬಲಕ್ಕೂ ಹೊರಳುತ್ತೆ, ಅದು ಇನ್ನೊಂದು ಥರದ ಹಿಂಸೆ, ಬೂಮ್, ಅಂದ್ರೆ ದೊಡ್ಡ ಹಾಯಿಯ ಅಡಿಯ ಕಂಬ, ಆಚೆ ಬಡಿಯೋ ಅಪಾಯ ಬೇರೆ. ಸ್ವಲ್ಪ ಓರೆ ಇಟ್ಟು, ಬೂಮ್‌ಗೆ ಮುಂದಕ್ಕೆ ಹಗ್ಗ ಕಟ್ಟಿ, ಆಟೋಪೈಲಟ್‌ಗೆ ಕೊಟ್ಟೆ. ಗಾಳಿ ಕಮ್ಮಿ ಆದಾಗ ಎಂಜಿನ್ ಹಾಕಿದ್ರೂ ಮೇನ್‌ಸೇಲ್ (ದೊಡ್ಡ ಹಾಯಿ) ಇಳಿಸ್ಲಿಲ್ಲ, ಅದು ಮೇಲಿದ್ರೆ ಹೊರಳಾಟ ಎಷ್ಟೋ ಕಮ್ಮಿ. ಇಲ್ಲೊಂದು ಎಚ್ಚರ ಬೇಕು, ಹಿಂದಿನಿಂದ ಗಾಳಿ ಇದ್ದು ಎಂಜಿನ್ ಓಡ್ತಿದ್ರೆ ಹೊಗೆ ತಿರುಗಿ ದೋಣಿ ಒಳಗೇ ಬರಬಹುದು, ಕಾರ್ಬನ್ ಮೊನಾಕ್ಸೈಡ್‌ನಿಂದಲೂ ತಲೆನೋವು, ವಾಂತಿ ಆಗುತ್ತೆ, ಸೀ ಸಿಕ್‌ನೆಸ್ ಅಂದ್ಕೊಂಡು ಕೂತ್ರೆ ಜೀವ ಹೋಗುತ್ತೆ. ಜ್ವರ, ಭೇದಿ, ಒಂದೇ ಕಡೆ ಹೊಟ್ಟೆನೋವು, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಇವು ಯಾವುವೂ ಸೀ ಸಿಕ್‌ನೆಸ್‌ಗೆ ಸೇರಿದ್ದಲ್ಲ.

ನೀರು ಕುಡಿಸೋದು ತಾಳ್ಮೆ ಕೆಲಸ. ಲೋಟ ಕೊಟ್ರೆ ಬಾಯಾರಿದವನು ಗಟಗಟ ಕುಡೀತಾನೆ, ಎರಡೇ ನಿಮಿಷಕ್ಕೆ ಎಲ್ಲಾ ವಾಪಸ್. ವಾಂತಿ ಆದ ಮೇಲೆ ಹತ್ತು ನಿಮಿಷ ಬಿಟ್ಟು ಒಂದು ಗುಟುಕು, ಐದು ನಿಮಿಷಕ್ಕೆ ಇನ್ನೊಂದು, ಅಷ್ಟೇ. ಓಆರ್‌ಎಸ್ ಪುಡಿ ಇತ್ತು, ಇಲ್ಲದಿದ್ರೆ ಒಂದು ಲೀಟರ್ ಕುಡಿಯೋ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟ ಇರಬೇಕು, ಗೋಪುರ ಅಲ್ಲ. ಮೂತ್ರ ಬಂತಾ ಅಂತ ಸಂಕೋಚ ಇಲ್ಲದೇ ಕೇಳಿ. ಇಡೀ ದಿನ ಒಂದು ಗುಟುಕೂ ನಿಲ್ತಿಲ್ಲ, ಮೂತ್ರ ನಿಂತಿದೆ, ಮಾತು ಅಡ್ಡಾದಿಡ್ಡಿ, ನಾಡಿ ಜೋರಾಗಿ ಸಣ್ಣಗೆ ಓಡ್ತಿದೆ ಅಂದ್ರೆ ಅದು ವಿಎಚ್‌ಎಫ್ ರೇಡಿಯೋ ಎತ್ತೋ ಹೊತ್ತು, ಚಾನೆಲ್ 16ರಲ್ಲಿ ಪ್ಯಾನ್ ಪ್ಯಾನ್ ಅನ್ನೋ ತುರ್ತು ಕರೆ ಕೊಟ್ಟು ವೈದ್ಯರ ಸಲಹೆ ಕೇಳಬೇಕು, ಹಿಂಜರಿಯಬಾರದು. ಸಕ್ಕರೆ ಕಾಯಿಲೆ, ಫಿಟ್ಸ್ ಥರದ್ದಕ್ಕೆ ಔಷಧಿ ತಗೊಳ್ಳೋರಿದ್ರೆ ಇನ್ನೂ ಬೇಗ, ಅವರ ಮಾತ್ರೆಯೂ ವಾಂತಿಯಲ್ಲೇ ಹೋಗಿರುತ್ತೆ. ಹಡಗುಗಳ ಲೈಫ್ ರಾಫ್ಟ್‌ನಲ್ಲಿ (ಹಡಗು ಮುಳುಗಿದ್ರೆ ಇಳಿಯೋ ತೆಪ್ಪ) ಪ್ರತಿಯೊಬ್ಬರಿಗೂ 48 ಗಂಟೆಗೆ ಸಾಲೋ ಸೀ ಸಿಕ್‌ನೆಸ್ ಔಷಧಿ ಇರಲೇಬೇಕು ಅಂತ ಅಂತಾರಾಷ್ಟ್ರೀಯ ನಿಯಮ ಇದೆ, ಇದು ಜೀವ ಉಳಿಸೋ ಸಾಮಾನಿನ ಪಟ್ಟಿಯಲ್ಲಿರೋ ವಿಷಯ, ಅದಕ್ಕೇ ನನ್ನ ದೋಣಿಯಲ್ಲೂ ಆ ಡಬ್ಬಿ ಅಪಾಯದ ಸೂಚನೆಗೆ ಉರಿಸೋ ಫ್ಲೇರ್‌ಗಳ ಪಕ್ಕದಲ್ಲೇ ಇರುತ್ತೆ.

ಅವನಿಗೆ ಬೇಕಾಗಿದ್ದ ಇನ್ನೊಂದು ಅಂದ್ರೆ ಇದು ಯಾವಾಗ ಮುಗಿಯುತ್ತೆ ಅನ್ನೋದು. "ಇನ್ನೇನು ಬಂತು" ಅಂತ ಸುಮ್ನೆ ಹೇಳಬಾರದು, ಬರಲಿಲ್ಲ ಅಂದ್ರೆ ಆಮೇಲೆ ನಿಮ್ಮ ಯಾವ ಮಾತನ್ನೂ ನಂಬಲ್ಲ. ಕಿಂಡಿಯಿಂದ ಬಗ್ಗಿ "ನೋಡಪ್ಪಾ, ಇನ್ನು ಮೂರೂವರೆ ಗಂಟೆ, ಕೊನೇ ಒಂದು ಗಂಟೆ ಗುಡ್ಡದ ಮರೆಗೆ ಹೋಗ್ತೀವಿ, ಆಗ ನೀರು ಸಮ ಆಗುತ್ತೆ" ಅಂದೆ. ಅವನು ಕಣ್ಣು ತೆರೀದೇ ತಲೆ ಆಡಿಸಿದ. ಗಂಟೆಗೊಂದು ಸಲ ಉಳಿದ ಹೊತ್ತು ಹೇಳ್ತಾ ಹೋದೆ, ಅಷ್ಟೇ, ಬೇರೆ ಉಪದೇಶ ಇಲ್ಲ.

ಗುಡ್ಡದ ಮರೆಗೆ ಬಂದ ಹತ್ತು ಹದಿನೈದು ನಿಮಿಷಕ್ಕೆ ಅವನೇ ಮೆಟ್ಟಿಲಲ್ಲಿ ತಲೆ ತೋರಿಸಿದ, ಮುಖ ಬತ್ತಿತ್ತು ಆದ್ರೆ ಕಣ್ಣು ಸರಿಯಿತ್ತು. ಹಾರ್ನೆಸ್ ಕೊಕ್ಕೆ ಹಾಕಿದ ಮೇಲೇ ಮೇಲೆ ಬಿಟ್ಟೆ. ದೋಣಿ ಧಕ್ಕೆಗೆ ಉಜ್ಜದ ಹಾಗೆ ಫೆಂಡರ್ ಕಟ್ಟೋದು, ಹಿಂಬದಿ ಹಗ್ಗ ಸಿದ್ಧ ಮಾಡೋದು ಎರಡು ಕೆಲಸ ಕೊಟ್ಟೆ, ಕೂತೇ ಮಾಡೋ ಕೆಲಸ, ಆದ್ರೆ ನಿಜವಾದ ಕೆಲಸ. ಧಕ್ಕೆಗೆ ಹಾರೋದು ಗೆಳತಿಗೇ ಬಿಟ್ಟೆ, ದಿನವಿಡೀ ಏನೂ ತಿನ್ನದವನ ಕಾಲು ನಂಬೋ ಹಾಗಿಲ್ಲ.

ದಡ ಹತ್ತಿದ ಮೇಲೂ ಅವನಿಗೆ ನೆಲ ತೂಗಾಡ್ತಿತ್ತು, ಸ್ನಾನಕ್ಕೆ ನಿಂತು ಕಣ್ಣು ಮುಚ್ಚಿದ್ರೆ ಗೋಡೆ ಹಿಡ್ಕೋಬೇಕು ಅಂದ. ಅದು ಸಹಜ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನೇ ಹೋಗುತ್ತೆ, ಗಾಡಿ ಓಡಿಸೋಕೆ ಮಾತ್ರ ಬಿಡಬೇಡಿ. ಸಮುದ್ರದಲ್ಲೇ ಉಳಿದ್ರೆ ಎರಡು ಮೂರು ದಿನಕ್ಕೆ ಬಹುತೇಕ ಜನರ ಮೈ ಹೊಂದಿಕೊಳ್ಳುತ್ತೆ, ಆದ್ರೆ ನಮ್ಮಂಥ ಒಂದು ದಿನದ ಪ್ಯಾಸೇಜ್‌ಗೆ ಅಷ್ಟು ಸಮಯಾನೇ ಸಿಗಲ್ಲ, ಕೆಟ್ಟ ಭಾಗ ಮಾತ್ರ ಪಾಲಿಗೆ ಬರುತ್ತೆ.

ಒಂದು ದಿನ ಪೂರ್ತಿ ವಿಶ್ರಾಂತಿ ಕೊಟ್ವಿ. ಅದರ ಸಂಜೆ ನಾನು ಫೋರ್‌ಕಾಸ್ಟ್ ತೆಗೆದು ತೋರಿಸಿದೆ, ಗಾಳಿ ಪಕ್ಕಕ್ಕೆ ತಿರುಗಿತ್ತು, ಅಲೆ ಒಂದು ಮೀಟರ್‌ಗೆ ಇಳಿದಿತ್ತು. ಬರ್ತೀಯಾ ಅಂತ ಕೇಳಿದೆ, ಇಲ್ಲ ಅಂದ್ರೆ ರಸ್ತೆಯಲ್ಲಿ ಬಾ, ನಾವಿಬ್ಬರೇ ತಗೊಂಡು ಹೋಗ್ತೀವಿ, ನಿನ್ನ ಮೇಲೆ ಯಾರ ಒತ್ತಾಯವೂ ಇಲ್ಲ ಅಂತ ಅಕ್ಕನ ಎದುರಿಗೇ ಹೇಳ್ದೆ. ಬರ್ತೀನಿ ಅಂದ. ಫೋನಲ್ಲಿ ಅವರ ಮನೆ ಡಾಕ್ಟರನ್ನ ವಿಚಾರಿಸಿ, ಹೊರಡೋಕೆ ಎರಡು ಗಂಟೆ ಮೊದಲು ಮಾತ್ರೆ ತಗೊಂಡ, ಬಂದರು ದಾಟಿದ ಕೂಡ್ಲೇ ಟಿಲ್ಲರ್ ಅವನ ಕೈಗೆ ಕೊಟ್ವಿ, ಗೆಳತಿ ಜಿಬ್ ನೋಡ್ಕೊಂಡ್ಲು, ನಾನು ಅವನು ಯಾವಾಗ ಆಕಳಿಸ್ತಾನೆ ಅಂತ ನೋಡ್ತಾ ಕೂತೆ.